ಜಿಡ್ಡು ಹಿಡಿದ ತಂತಿ

ನನ್ನ ಗಂಡ ಊಟವಾದ ಮೇಲೆ ಕೈ ತೊಳೆಯುವುದನ್ನು ಬಿಟ್ಟುಬಿಟ್ಟರು. ಮರೆವಿನಿಂದಲ್ಲ, ಸೋಮಾರಿತನದಿಂದಲೂ ಅಲ್ಲ. ವ್ರತ ಹಿಡಿದವರ ಹಾಗೆ, ಬೇಕಂತಲೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಶೇಂಗಾ ಚಟ್ನಿಗೆ ಕೆನೆಮೊಸರು ಕಲಸಿಕೊಂಡು ಉಂಡು, ಆ ಬೆರಳುಗಳನ್ನು ಹಾಗೇ ಎತ್ತಿಕೊಂಡು ಪಡಸಾಲೆಗೆ ಹೋಗುವರು. ಗೋಡೆಗೆ ಆನಿಸಿಟ್ಟ ಬೇಸ್ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು ತಂತಿ ಮೀಟುವರು. ಕೈಯ ಎಣ್ಣೆ ತಂತಿಗೆ, ತಂತಿಯದು ಗಿಟಾರಿನ ಕುತ್ತಿಗೆಗೆ, ಅಲ್ಲಿಂದ ಅವರ ಬಿಳಿ ಅಂಗಿಯ ತೋಳಿಗೆ. ಆ ಅಂಗಿ ಒಗೆಯುವವಳು ನಾನು.

ನಮ್ಮ ಮನೆ ವಿಜಯಪುರದ ಜೋರಾಪುರ ಪೇಟೆಯಲ್ಲಿ. ಮುಂದೆ ಅಂಗಡಿ, ಹಿಂದೆ ಸಂಸಾರ. ಅಂಗಡಿಯಲ್ಲಿ ಹೊಲಕ್ಕೆ ನೀರು ಹಾಯಿಸುವ ಪೈಪು ಮತ್ತು ಅದರ ಜೋಡಣೆಯ ಸಾಮಾನು ಮಾರುತ್ತೇವೆ. ಟಿಕೋಟಾ ಕಡೆಯ ದ್ರಾಕ್ಷಿ ತೋಟದವರು ಕೆಸರುಗಾಲಲ್ಲೇ ಬಂದು, ಚಹಾ ಕುಡಿದು, ಲೋಟವನ್ನು ನೆಲದ ಮೇಲಿಟ್ಟು ಹೋಗುತ್ತಾರೆ. ಅವರು ಮೂಲೆ ತಿರುಗುವುದರೊಳಗೆ ನಾನು ಫಿನೈಲಿನ ಬಟ್ಟೆ ಹಿಡಿದು ನಿಂತಿರುತ್ತೇನೆ. ನನಗೆ ಕೊಳೆ ಕಂಡರೆ ಆಗದು, ಹುಟ್ಟಿದಾಗಿನಿಂದ ಹೀಗೇ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನಾನು ತೊಳೆದ ಪಾತ್ರೆಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ನಮ್ಮ ಮನೆಗೆ ನೊಣ ಕೂಡ ಕಾಲು ತೊಳೆದುಕೊಂಡು ಬರುತ್ತದೆ ಎಂದು ನಾದಿನಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ, ನನಗೇನು ಬೇಜಾರಿಲ್ಲ.

ಇಂಥ ಮನೆಯೊಳಗೆ ಆ ಹೊಲಸು ಹೊಕ್ಕಿದ್ದು ನನ್ನ ಕಿವಿಯ ದೆಸೆಯಿಂದ. ಈಚಿನ ವರ್ಷಗಳಲ್ಲಿ ಸಣ್ಣ ದನಿಗಳು ಒಂದೊಂದಾಗಿ ನನ್ನನ್ನು ಬಿಟ್ಟುಹೋದವು. ಕುಕ್ಕರಿನ ಸೀಟಿ ಹೋಯಿತು, ಗುಬ್ಬಿ ಹೋಯಿತು, ಭಜನೆಯಲ್ಲಿ ತಾಳದ ಕಿಣಿಕಿಣಿಯೂ ಹೋಯಿತು. ಲಾರಿ ಕೇಳುತ್ತದೆ, ಹಿಟ್ಟಿನ ಗಿರಣಿ ಕೇಳುತ್ತದೆ, ಗಂಡಸರು ಎದೆಯಿಂದ ಮಾತಾಡಿದರೆ ಕೇಳುತ್ತದೆ. ಹೆಂಗಸರ ಮಾತು ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ. ನರ ಸೊರಗಿದೆ, ಇದಕ್ಕೆ ಔಷಧವಿಲ್ಲ ಎಂದು ಹೇಳಿ ಡಾಕ್ಟರು ಕಿವಿಗೆ ಮಷಿನ್ ಕೊಟ್ಟರು. ಅದೊಂದು ದರಿದ್ರ. ಬೆವರು, ತುರಿಕೆ, ಸಂಜೆ ತೆಗೆದರೆ ತುದಿಗೆ ಹಳದಿ ಮೇಣ. ಹಾಕಿಕೊಂಡರೆ ಸ್ಟೀಲು ತಾಟನ್ನು ತಲೆಯೊಳಗೇ ತಿಕ್ಕಿದಂತಾಗುತ್ತದೆ. ಮಾತಿಗೆ ಹೇಗೋ ಸಾಕು, ಹಾಡಿಗೆ ಅದು ಕವಡೆ ಕಿಮ್ಮತ್ತಿಗಿಲ್ಲ.

ನಾನು ಹಾಡುವವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹರೆಯದಲ್ಲಿ ನನ್ನ ಗಂಡನ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಸುತ್ತಲ ಊರುಗಳ ರಸಮಂಜರಿ ಕಾರ್ಯಕ್ರಮಕ್ಕೆಲ್ಲ ನಮ್ಮದೇ ತಂಡ. ಆಮೇಲೆ ಪೇಟೆಯ ಹೆಂಗಸರನ್ನು ಕಟ್ಟಿಕೊಂಡು ಭಜನಾ ಮಂಡಳಿ ನಡೆಸಿದೆ. ಕುಬಸ, ತೊಟ್ಟಿಲು, ಮದುವೆಯ ಅರಿಶಿನ, ಯಾವ ಕಾರ್ಯವಿದ್ದರೂ ಮೊದಲ ದನಿ ನನ್ನದು. ನಾನು ಎತ್ತಿಕೊಟ್ಟ ಶ್ರುತಿಗೆ ಉಳಿದವರು ಸೇರಬೇಕು.

ಕಳೆದ ವರ್ಷ ನಾದಿನಿಯ ಮಗಳ ಕುಬಸ ಅವಳ ಗಂಡನ ಊರಾದ ಬಬಲೇಶ್ವರದಲ್ಲಿ ಆಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಕೂರಿಸಿದ್ದರು. ಶ್ರುತಿಪೆಟ್ಟಿಗೆ ಪಕ್ಕದಲ್ಲೇ ಇತ್ತು. ನನಗೆ ಕೇಳಿಸಿದ್ದು ಮಷಿನ್ನಿನೊಳಗೆ ಒಂದು ಸೊಳ್ಳೆಯ ಗುಂಯ್ ಮಾತ್ರ. ಅಂದಾಜಿನ ಮೇಲೆ ಹಾಡು ಎತ್ತಿಕೊಂಡೆ. ಎರಡನೆಯ ಸಾಲಿಗೆ ಬಂದಾಗ ಎದುರು ಕುಳಿತವರ ಮುಖ ಬದಲಾಗಿತ್ತು. ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಮಂಡಳಿಯ ಹೆಂಗಸರು ಒಮ್ಮೆಲೇ ದನಿ ಏರಿಸಿ ನನ್ನ ಮೇಲಿಂದ ಹಾಡಿಬಿಟ್ಟರು, ಒಡೆದ ಹಾಲಿಗೆ ತಟ್ಟೆ ಮುಚ್ಚುವ ಹಾಗೆ. ಮುಂದಿನ ವಾರದಿಂದ ಭಜನೆಯಲ್ಲಿ ನನ್ನ ಕೈಗೆ ಆರತಿ ತಾಟು ಬಂತು. ನೀವು ಹಿರಿಯರು, ಆರತಿ ನಿಮ್ಮ ಕೈಯಿಂದಲೇ ಆಗಬೇಕು ಎಂದು ನಗುನಗುತ್ತ ಕೊಟ್ಟರು. ಆ ನಗು ಕಂಡು ಮೈ ಉರಿಯಿತು. ಬೈದಿದ್ದರೆ ಇನ್ನೂ ಚೆನ್ನಾಗಿತ್ತು.

ಅಷ್ಟಕ್ಕೆ ನಾನು ಹಾಡು ಬಿಟ್ಟುಬಿಡುತ್ತಿದ್ದೆ. ಬಿಡಗೊಡಲಿಲ್ಲ ನಾದಿನಿ. ಅವಳ ಮಗಳಿಗೆ ಮೊದಲ ಬಾಣಂತನ, ಕೂಸಿನ ತೊಟ್ಟಿಲು ಕಾರ್ಯ ತವರಾದ ಟಿಕೋಟಾದಲ್ಲೇ ಆಗಬೇಕಿತ್ತು. "ವೈನಿ, ನನ್ನ ಮಗಳನ್ನ ತೊಟ್ಟಲಕ್ಕ ಹಾಕಿದಾಗ ನೀವ ಜೋಗುಳ ಹಾಡೀರಿ. ಇಕಿ ಕೂಸಿಗೂ ನೀವ ಹಾಡಬೇಕು, ಬ್ಯಾರೆ ಯಾರೂ ಬಾಯಿ ತಗೀಬಾರದು" ಎಂದಳು. ನಾನು ಸೋತ ಕಿವಿಯ ಕಥೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಕಿವಿ ಚೆನ್ನಾಗಿದ್ದೂ ಕೇಳದವರಿಗೆ ಡಾಕ್ಟರು ಏನು ಕೊಡುತ್ತಾರೋ ಗೊತ್ತಿಲ್ಲ.

ಮತ್ತೊಮ್ಮೆ ಶ್ರುತಿ ತಪ್ಪಿದರೆ ನಾನು ಇನ್ನೆಂದೂ ಬಾಯಿ ತೆರೆಯುವವಳಲ್ಲ. ಇದನ್ನು ಗಂಡನಿಗೆ ಖಡಾಖಂಡಿತ ಹೇಳಿದೆ. ಅವರು ಅಂಗಡಿಯ ಲೆಕ್ಕದ ಪುಸ್ತಕ ಮುಚ್ಚಿಟ್ಟರು. ಆಮೇಲೆ, "ನಿನಗ ಕೇಳುವಂಥಾ ಒಂದು ಸಾ, ಒಂದು ಪಾ ಸಿಕ್ಕರ ಸಾಕಲ್ಲ?" ಎಂದು ಕೇಳಿದರು. ಸಾಕು ಎಂದೆ. ಆ ಒಂದು ಮಾತಿಗೆ ಮುಂದೆ ಮನೆಯೆಲ್ಲ ನಾರುತ್ತದೆ ಎಂದು ನನಗೇನು ಗೊತ್ತು.

ಅವರ ತಲೆಯಲ್ಲಿದ್ದದ್ದು ಹಳೆಯ ಆರ್ಕೆಸ್ಟ್ರಾದ ಬೇಸಿನ ದನಿ. ಆ ಗಿಟಾರನ್ನು ಅವರು ಹರೆಯದಲ್ಲಿ ಮಿರಜಿನಿಂದ ತಂದಿದ್ದರು, ಯಾರೋ ಬಾರಿಸಿ ಬಿಟ್ಟದ್ದು. ಅಂಗಡಿಯವನು ಜೊತೆಗೊಂದು ಕ್ಯಾಸೆಟ್ ಕೊಟ್ಟಿದ್ದ. ಅಮೆರಿಕದ ದನ ಕಾಯುವವರ ಕಡೆಯ ಹಾಡುಗಳಂತೆ, ಕಂಟ್ರಿ ಎನ್ನುತ್ತಾರೆ. ಇಂಗ್ಲಿಷು ನಮಗೆ ಒಂದಕ್ಷರ ತಿಳಿಯದಿದ್ದರೂ ಅದರ ಬೇಸು ತಿಳಿಯುತ್ತಿತ್ತು. ಒಂದು ಸಾ, ಒಂದು ಪಾ, ಮತ್ತೆ ಸಾ, ಮತ್ತೆ ಪಾ. ಕುಣಿತವಿಲ್ಲ, ಓಟವಿಲ್ಲ. ಧಪ್ಪೆಂದು ಬೀಳುತ್ತದೆ, ಬಿದ್ದ ಕೂಡಲೇ ಸಾಯುತ್ತದೆ, ಝಂಯ್ ಎಂದು ಎಳೆಯುವುದಿಲ್ಲ. ನನ್ನ ಗಂಡ ಆ ಕ್ಯಾಸೆಟ್ಟನ್ನು ಸವೆಸಿ ಸವೆಸಿ ಆ ಬಡಿತ ಕಲಿತರು. ಹಳ್ಳಿಯ ಮಂದಿಯ ಮುಂದೆ ನಾನು ಯಾವ ಹಾಡು ಹಾಡಿದರೂ ಹಿಂದಿನಿಂದ ಅದೇ ಸಾ, ಅದೇ ಪಾ ಬಂದು ಬೆನ್ನಿಗೆ ಒರಗುತ್ತಿತ್ತು. ತಾಳ ತಪ್ಪಿದ್ದುಂಟು, ಮಾತು ಮರೆತದ್ದುಂಟು. ಶ್ರುತಿ ಮಾತ್ರ ಒಮ್ಮೆಯೂ ಕಳೆದುಕೊಳ್ಳಲಿಲ್ಲ.

ಈ ದನಿ ಸಣ್ಣದಲ್ಲ, ಮಂದ್ರದ್ದು. ನನ್ನ ಕಿವಿ ಬಿಟ್ಟುಕೊಡದೆ ಇನ್ನೂ ಹಿಡಿದುಕೊಂಡಿರುವುದು ಅಂಥವನ್ನೇ. ಆದ್ದರಿಂದ ಗಂಡನ ಲೆಕ್ಕಾಚಾರ ತಪ್ಪಿರಲಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ತಂಡ ಮುರಿದ ಮೇಲೆ ಆ ಗಿಟಾರು ಟಿಕೋಟಾದಲ್ಲಿ ನಾದಿನಿಯ ಮನೆಯ ಅಟ್ಟ ಸೇರಿತ್ತು. ಸೇರಿಸಿದವಳು ನಾನೇ. ಅದರ ತಂತಿಗಳನ್ನು ಅವರು ಕೊಂಡ ದಿನದಿಂದ ಬದಲಿಸಿರಲಿಲ್ಲ. ಕಪ್ಪಗೆ, ಅಂಟಂಟಾಗಿ, ಮೂಗಿನ ಹತ್ತಿರ ತಂದರೆ ಹಳೆಯ ಎಣ್ಣೆಡಬ್ಬಿಯ ವಾಸನೆ. ತಂತಿಯ ಬುಡದಲ್ಲಿ ತಗಡಿನ ಮುಚ್ಚಳ, ಅದರ ಕೆಳಗೆ ದನಿ ಎಳೆಯದಂತೆ ತಂತಿಗೆ ಒತ್ತಿಟ್ಟ ಸ್ಪಂಜಿನ ತುಂಡು, ಒಣಗಿ ಇಟ್ಟಂಗಿಯ ಹಾಗಾಗಿತ್ತು. ಅಂಥದ್ದು ನನ್ನ ಮನೆಯಲ್ಲಿ ಬೇಡವೆಂದು ಆಗಲೇ ಸಾಗಹಾಕಿದ್ದೆ.

ಮಹಾನವಮಿಯ ಮರುದಿನ ಬನ್ನಿ ಕೊಡುವ ನೆಪದಲ್ಲಿ ಅದನ್ನು ತರಲೆಂದೇ ಟಿಕೋಟಾಕ್ಕೆ ಹೋದೆವು. ಖಂಡೇಪೂಜೆಗೆ ನಮ್ಮ ಕಡೆ ಮನೆಯಲ್ಲಿ ದುಡಿಯುವ ಪ್ರತಿಯೊಂದನ್ನೂ ತೊಳೆದು ಪೂಜಿಸುತ್ತಾರೆ. ಟ್ರ್ಯಾಕ್ಟರಿನಿಂದ ಕುಡುಗೋಲಿನ ತನಕ ಯಾವುದನ್ನೂ ಬಿಡುವುದಿಲ್ಲ. ನಾದಿನಿಯ ಗಂಡ ಇಂಥ ಕೆಲಸದಲ್ಲಿ ಬಹಳ ಭಕ್ತಿಯ ಮನುಷ್ಯ. ಭಾವನವರ ವಾದ್ಯ ಪೂಜೆಯಿಲ್ಲದೆ ಅಟ್ಟದಲ್ಲಿ ಬಿದ್ದಿದೆಯಲ್ಲ ಎಂದು ಮರುಗಿ ಈ ಸಲ ಅದನ್ನೂ ಇಳಿಸಿದ್ದರು. ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿನಿಂದ ನೀರು ಬಿಟ್ಟು ತೊಳೆದಿದ್ದರು. ಕಪ್ಪು ತಂತಿ ಕಿತ್ತು ಎಸೆದು, ವಿಜಯಪುರದಿಂದ ಹೊಸ ತಂತಿ ತಂದು ಯಾರ ಕೈಯಿಂದಲೋ ಕಟ್ಟಿಸಿದ್ದರು. ಕೊಳೆತ ಸ್ಪಂಜು ತಿಪ್ಪೆಗೆ ಹೋಗಿತ್ತು. ನಾವು ಹೋದಾಗ ಗಿಟಾರು ಮಣೆಯ ಮೇಲೆ ಮಲಗಿತ್ತು, ಮೈತುಂಬ ವಿಭೂತಿ ಪಟ್ಟೆ, ಕುಂಕುಮ, ಚೆಂಡು ಹೂವಿನ ಹಾರ, ಪಕ್ಕದಲ್ಲಿ ಕುಯ್ದ ಬೂದುಗುಂಬಳ. ನನಗಂತೂ ಕಣ್ಣು ತಂಪಾಯಿತು. ನನ್ನ ಗಂಡ ಹೆಣದ ಮುಂದೆ ಕುಳಿತ ಹಾಗೆ ಕುಳಿತರು. ಪೂಜೆ ಮಾಡಿದವರನ್ನು ಯಾರು ಬೈಯುತ್ತಾರೆ?

ಮನೆಗೆ ತಂದು ಮೀಟಿದರು. ಹೊಸ ತಂತಿ ಝಂಯ್ ಎಂದು ಉದ್ದಕ್ಕೆ ಎಳೆಯಿತು. ನನ್ನ ಮಷಿನ್ನು ಅದನ್ನು ಹಿಡಿದು ಕಿರುಚಿತು, ಕಿತ್ತು ಬಿಸಾಡಿದೆ. ಮಷಿನ್ನಿಲ್ಲದೆ ಕೇಳಿದರೆ ಒಂದು ಮೊರೆತ, ಅದರಲ್ಲಿ ಸಾ ಎಲ್ಲಿದೆ ಪಾ ಎಲ್ಲಿದೆ ಒಂದೂ ತಿಳಿಯದು. ಫೋನಿನಲ್ಲಿ ನೋಡಿ ಚಪ್ಪಟೆ ಸುತ್ತಿನ ತಂತಿ ತರಿಸಿದರು. ಹಳೆಯ ಕಂಟ್ರಿಯವರು ಅಂಥದ್ದನ್ನೇ ಕಟ್ಟುತ್ತಿದ್ದರಂತೆ. ಅದು ತುಸು ವಾಸಿ, ಆದರೂ ಹೊಸದು ಹೊಸದೇ. ತಂತಿಯೊಳಗೆ ವರ್ಷಗಟ್ಟಲೆ ಕೈಯ ಜಿಡ್ಡು ಇಳಿದರೆ ಮಾತ್ರ ಅದು ಸತ್ತು ಆ ದನಿ ಕೊಡುತ್ತದೆ ಎಂದು ಫೋನಿನಲ್ಲಿ ಯಾವನೋ ಹೇಳಿದ್ದ. ವರ್ಷಗಟ್ಟಲೆ ಕಾಯಲು ಕೂಸೇನು ನಮ್ಮನ್ನು ಕೇಳಿ ಹುಟ್ಟುತ್ತದೆಯೇ?

ಶುರುವಾಯಿತು ನೋಡಿ. ಕೈ ತೊಳೆದುಕೊಂಡು ಬೆನ್ನು ಹತ್ತುವುದು ಅನ್ನುತ್ತಾರಲ್ಲ, ಇವರು ಕೈ ತೊಳೆಯದೆ ಬೆನ್ನು ಹತ್ತಿದರು. ಮೊದಲು ಶೇಂಗಾ ಎಣ್ಣೆಯಲ್ಲಿ ಜೋಳದ ಹಿಟ್ಟು ಕಲಸಿ ತಂತಿಗೆ ಹಚ್ಚಿ ಬಿಸಿಲಿಗಿಟ್ಟರು. ಬೆಳಗಾಗುವುದರಲ್ಲಿ ಇರುವೆಯ ಸಾಲು ಗೋಡೆಯುದ್ದಕ್ಕೂ ಹರಿದು ಗಿಟಾರಿನ ಹೊಟ್ಟೆ ಹೊಕ್ಕಿತ್ತು. ಇರುವೆ ಕೊಡವಿ ಮೀಟಿದರೆ ಹಿಟ್ಟಿನ ಚೂರು ನನ್ನ ಒರೆಸಿದ ನೆಲದ ಮೇಲೆ ಉದುರಿತು. ಆಮೇಲೆ ದ್ರಾಕ್ಷಿ ಒಣಗಿಸುವ ಮೊದಲು ಅದ್ದುತ್ತಾರಲ್ಲ, ಆ ಎಣ್ಣೆ ಟಿಕೋಟಾದಿಂದ ತಂದು ಹಚ್ಚಿದರು. ಪಡಸಾಲೆಯಲ್ಲಿ ಕಾಲಿಟ್ಟರೆ ಗಂಟಲು ಕಟ್ಟುವಂಥ ನಾತ. ಬಟ್ಟೆಯಿಂದ ತಿಕ್ಕಿದರು, ಆ ಬಟ್ಟೆಯನ್ನು ನನ್ನ ಒಗೆಯುವ ರಾಶಿಗೆ ಎಸೆದರು. ನನ್ನ ಎರಡು ರವಿಕೆ ಕೆಟ್ಟವು. ಜಗಳ ಆಡಿ ಆಡಿ ನನ್ನ ದನಿಯೇ ಒಡೆಯಿತು, ಹಾಡಲಿಕ್ಕೆಂದು ಹೊರಟವಳ ಗತಿ ಇದು.

ಇಷ್ಟು ಸಾಲದು ಎಂದು ಬಬಲೇಶ್ವರಕ್ಕೂ ಹೋದರು, ನನ್ನನ್ನೂ ಕರೆದುಕೊಂಡು. ಅಲ್ಲಿ ನಮ್ಮ ತಂಡದಲ್ಲಿ ಕೀಬೋರ್ಡ್ ಬಾರಿಸುತ್ತಿದ್ದವನಿದ್ದಾನೆ, ಈಗ ಡಿಜೆ ಪೆಟ್ಟಿಗೆ ಬಾಡಿಗೆಗೆ ಕೊಡುತ್ತಾನೆ. ಆಳೆತ್ತರದ ಕರಿ ಪೆಟ್ಟಿಗೆಗಳನ್ನು ಅಂಗಳದಲ್ಲಿ ಪೇರಿಸಿದ್ದ. ನಾವು ಬಂದೆವೆಂಬ ಸಂಭ್ರಮಕ್ಕೆ ಒಂದನ್ನು ಚಾಲೂ ಮಾಡಿ ತೋರಿಸಿದ. ನನ್ನ ಕರುಳು ಅಲುಗಿತು, ಕಟ್ಟಿದ್ದ ಎಮ್ಮೆ ಗೂಟ ಕೀಳಲು ನೋಡಿತು. ಅದರಲ್ಲಿ ಸಾ ಇಲ್ಲ, ಪಾ ಇಲ್ಲ, ಬರೀ ಗುದ್ದು. ಇದನ್ನು ದುಡ್ಡು ಕೊಟ್ಟು ಮದುವೆಗೆ ಕರೆಸುವವರ ಬುದ್ಧಿಗೆ ಏನೆನ್ನಬೇಕೋ. ನನ್ನ ಗಂಡ ಹಳೆಯ ಬೇಸ್ ತಂತಿ ಇದೆಯೇ ಎಂದು ಕೇಳಿದರು. ಇದೆ ಎಂದು ಅವನು ಒಳಗೆ ಹೋಗಿ ಒಂದು ತಂತಿ ಹಿಡಿದು ಬಂದ. ತಂಡ ಮುರಿದಾಗಿನಿಂದ ಅದನ್ನು ಬಚ್ಚಲ ಮೋರಿ ಕಟ್ಟಿದಾಗ ಒಳಗೆ ತೂರಿಸಿ ಕೆರೆಯಲು ಇಟ್ಟುಕೊಂಡಿದ್ದನಂತೆ. ತುದಿಗೆ ಯಾರದೋ ಕೂದಲು ಸುತ್ತಿಕೊಂಡಿತ್ತು. ಜಿಡ್ಡು ಬಹಳ ಚಲೋ ಕೂತಿದೆ ಎಂದು ಇಬ್ಬರೂ ತಲೆಗೆ ತಲೆ ಕೂಡಿಸಿ ಅದನ್ನು ನೋಡುತ್ತಿದ್ದರು. ಆ ತಂತಿ ಮನೆಯ ಹೊಸ್ತಿಲು ದಾಟಿದರೆ ನಾನು ದಾಟುವುದಿಲ್ಲ ಎಂದು ಹೇಳಿ ಬಂದು ಗಾಡಿಯಲ್ಲಿ ಕುಳಿತೆ. ಅಷ್ಟರ ಮಟ್ಟಿಗೆ ಗಂಡನಿಗೆ ಬುದ್ಧಿಯಿತ್ತು, ಅಲ್ಲೇ ಬಿಟ್ಟು ಬಂದರು.

ಕೊನೆಗೆ ಉಳಿದದ್ದು ಕೈ. ಹಳೆಯ ಜಿಡ್ಡು ಕೈಯಿಂದ ಬಂದದ್ದು, ಹೊಸದೂ ಕೈಯಿಂದಲೇ ಬರಬೇಕು ಎಂದು ತೀರ್ಮಾನಿಸಿದರು. ಹೊತ್ತಿಗೆ ಹೊತ್ತು ಉಂಡ ಕೈಯಲ್ಲಿ ಬಾರಿಸಿದರು. ಒಬ್ಬರ ಕೈ ಸಾಲದೆಂದು ಗಿಟಾರನ್ನು ಅಂಗಡಿಗೆ ಒಯ್ದರು. ಪೈಪು ಕೊಳ್ಳಲು ಬಂದವರಿಗೆಲ್ಲ ಅದನ್ನು ಕೊಟ್ಟು ಒಂದಿಷ್ಟು ತಂತಿ ತಿಕ್ಕಿರಿ ಎಂದು ಕೇಳುವುದು. ತೊರವಿಯವರೊಬ್ಬರು ತಂಬಾಕು ತಿಕ್ಕಿದ ಅಂಗೈಯಲ್ಲಿ ತಿಕ್ಕಿದರು. ಇಟ್ಟಂಗಿಹಾಳದವರೊಬ್ಬರು ಗ್ರೀಸು ಹತ್ತಿದ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಿದ್ದರು, ಇವರು ಗಿಟಾರು ಮುಂದೆ ಮಾಡಿದರು. ಭಜಿ ತಿಂದವರು, ಮೂಗು ಸೀನಿದವರು, ಎಮ್ಮೆ ಮೈ ತೊಳೆದು ಬಂದವರು, ಯಾರಿಗೂ ಇಲ್ಲವೆನ್ನಲಿಲ್ಲ. ಪಾಪ, ಅವರೆಲ್ಲ ಇದೇನೋ ಹರಕೆ ಇರಬೇಕೆಂದುಕೊಂಡು ಭಕ್ತಿಯಿಂದ ತಿಕ್ಕಿ ಹೋಗುತ್ತಿದ್ದರು. ಹೀಗೆ ಹತ್ತೂರಿನ ಹೊಲಸು ಸಂಜೆಗೆ ನನ್ನ ಪಡಸಾಲೆಗೆ ಬಂದು ಗೋಡೆಗೆ ಒರಗುತ್ತಿತ್ತು. ನಾನು ಅದರ ಹತ್ತಿರ ಸುಳಿಯುತ್ತಿರಲಿಲ್ಲ, ಕಸ ಗುಡಿಸುವಾಗಲೂ ಒಂದು ಮೊಳ ಬಿಟ್ಟೇ ಗುಡಿಸುತ್ತಿದ್ದೆ.

ಕೂಸು ಹುಟ್ಟಿತು, ಹೆಣ್ಣು. ತೊಟ್ಟಿಲಿಗೆ ದಿನ ಗೊತ್ತಾಯಿತು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಮಣೆಯ ಮೇಲೆ ಕುಳಿತು ಕಾಳು ಆರಿಸುತ್ತಿದ್ದೆ. ಕಿವಿಯಲ್ಲಿ ಮಷಿನ್ ಇರಲಿಲ್ಲ. ಮಣೆಯಿಂದ ಏನೋ ಬೆನ್ನಿಗೆ ಏರಿತು. ಧಪ್. ಮತ್ತೆ ಧಪ್. ಒಂದು ಕೆಳಗಿನದು, ಒಂದು ಮೇಲಿನದು. ನಾನು ಅರಿಯದೆಯೇ ಬಾಯಿ ಮುಚ್ಚಿ ಗುನುಗಿದೆ. ಗುನುಗು ಹೋಗಿ ಆ ಬಡಿತದ ಮೇಲೆ ಕುಳಿತುಕೊಂಡಿತು, ಜಾರಲಿಲ್ಲ. ಇದು ಸಾ, ಇದು ಪಾ. ಎಷ್ಟು ಕಾಲದ ಮೇಲೆ ನನಗೆ ಖಾತ್ರಿಯಾಗಿ ಗೊತ್ತಾಯಿತೆಂದರೆ, ಮೊರದಲ್ಲಿನ ಕಾಳು ಅಲ್ಲೇ ಬಿಟ್ಟು ಪಡಸಾಲೆಗೆ ಓಡಿದೆ. ನನ್ನ ಗಂಡ ಹಲಗೆ ಮಂಚದ ಮೇಲೆ ಸ್ಪೀಕರ್ ಪೆಟ್ಟಿಗೆ ಇಟ್ಟುಕೊಂಡು ಬಾರಿಸುತ್ತಿದ್ದರು. ಪೆಟ್ಟಿಗೆಯ ಪಕ್ಕ ಕುಳಿತೆ, ಜೋಗುಳ ಪೂರ್ತಿ ಹಾಡಿದೆ. ಅವರು ಮೀಟುತ್ತಲೇ ಕಣ್ಣು ಒರೆಸಿಕೊಂಡರು, ಅದೂ ಆ ಕೈಯಲ್ಲೇ. ನಾನು ಆ ಹೊತ್ತಿಗೆ ಅದನ್ನೂ ಸಹಿಸಿದೆ.

ಏನು ಮಾಡಿದಿರಿ, ನಿನ್ನೆಯವರೆಗೆ ಇದು ಹೀಗಿರಲಿಲ್ಲವಲ್ಲ ಎಂದು ಕೇಳಿದೆ. ಅವರು ಮಾತು ಹಾರಿಸಿದರು. ನನಗೆ ಸಂಶಯ ಬಂದು ತಂತಿಯ ಬುಡದ ತಗಡಿನ ಮುಚ್ಚಳ ಎತ್ತಿದೆ. ಸ್ಪಂಜಿರಬೇಕಾದ ಜಾಗದಲ್ಲಿ ನೀಲಿ ರಬ್ಬರಿನ ತುಂಡೊಂದು ತಂತಿಗಳ ಕೆಳಗೆ ಒತ್ತಿ ಕುಳಿತಿತ್ತು. ಅಂಚು ಸವೆದಿತ್ತು. ಸವೆದ ಕಡೆ ಹಿಮ್ಮಡಿಯ ಕಪ್ಪು ಅಚ್ಚು. ನನ್ನ ಗಂಡನ ಬಚ್ಚಲ ಚಪ್ಪಲಿ!

ನಾನು ಹಿಂದೆ ಸರಿದ ರಭಸಕ್ಕೆ ಬಾಗಿಲು ಬಡಿಯಿತು. ವಿಭೂತಿ ಹಚ್ಚಿಸಿಕೊಂಡ ವಾದ್ಯದೊಳಗೆ ಚಪ್ಪಲಿ. ಅದರ ಮೇಲೆ ನಾನು ಈಗಷ್ಟೇ ಜೋಗುಳ ಹಾಡಿದ್ದೆ, ನಾಳೆ ಕೂಸಿನ ತೊಟ್ಟಿಲ ಮುಂದೆ ಹಾಡಬೇಕಿತ್ತು. ಕಾಲಿನ ಕೊಳೆಯ ಮೇಲಿನ ಶ್ರುತಿ ನನಗೆ ಬೇಡ, ಹಾಡುವುದೂ ಬೇಡ, ಇಂಥ ಗಂಡನೂ ಬೇಡ ಎಂದು ಬಾಯಿಗೆ ಬಂದದ್ದೆಲ್ಲ ಆಡಿದೆ. ಅವರು ಸ್ಪಂಜು, ಚಿಂದಿ, ಹತ್ತಿ, ಸೈಕಲ್ ಟ್ಯೂಬು ಎಲ್ಲ ಇಟ್ಟು ನೋಡಿದ್ದರಂತೆ. ಸ್ಪಂಜಿಟ್ಟರೆ ತಂತಿ ಪೂರಾ ಸಾಯುತ್ತದೆ, ಟ್ಯೂಬಿಟ್ಟರೆ ಸಾಯುವುದೇ ಇಲ್ಲ. ವರ್ಷಾನುಗಟ್ಟಲೆ ತುಳಿದು ಮೆತ್ತಗಾದ ಈ ರಬ್ಬರಿಗೆ ಮಾತ್ರ ಸರಿಯಾಗಿ ಸಾಯುತ್ತದೆ. ಹೊಸ ಚಪ್ಪಲಿ ಕತ್ತರಿಸಿ ಇಟ್ಟುಕೊಳ್ಳಿ ಎಂದೆ. ಅದನ್ನೂ ಇಟ್ಟು ನೋಡಿದೆ, ಆಗಲಿಲ್ಲ ಎಂದರು. ತಲೆ ಕೆಟ್ಟು, ನಿಮಗೆ ನಾಚಿಕೆಯೆಂಬುದು ಇಲ್ಲವೇ ಎಂದು ಕೇಳಿದೆ.

ಅವರು ಗಿಟಾರನ್ನು ಪಕ್ಕಕ್ಕಿಟ್ಟರು. "ನಿನ್ನ ಕಿವಿಗೆ ಕೇಳತೈತಿ ಅಂದ್ರ ಆ ಚಪ್ಪಲಿ ನನ್ನ ತಲಿ ಮ್ಯಾಲೆ ಇಟ್ಕೊಂಡು ಪ್ಯಾಟಿ ತುಂಬ ತಿರಗತೀನಿ" ಎಂದರು. "ನನಗೇನೂ ನಾಚಿಕಿಲ್ಲ. ನೀ ಬ್ಯಾಡಂದ್ರ ಈಗ ತಗೀತೀನಿ, ಹೇಳು."

ತೆಗೆಯಿರಿ ಎನ್ನಲು ಬಾಯಿ ತೆರೆದೆ. ಎದ್ದು ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದೆ. ಮುಚ್ಚಳ ಮುಚ್ಚಿಡಿ, ಯಾರಿಗೂ ಕಾಣಕೂಡದು ಎಂದು ಅಲ್ಲಿಂದಲೇ ಕೂಗಿ ಹೇಳಿದೆ.

ಟಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡು ಆ ದಿನಗಳಲ್ಲಿ ಖಾಲಿ ಇರುತ್ತದೆ. ಅದನ್ನೇ ಸಾರಿಸಿ, ಜಮಖಾನೆ ಹಾಸಿ, ನಡುವೆ ತೊಟ್ಟಿಲು ಕಟ್ಟಿದ್ದರು. ಬಬಲೇಶ್ವರದ ಬೀಗರು ಬಂದಿದ್ದರು. ಜೋರಾಪುರ ಪೇಟೆಯಿಂದ ನನ್ನ ಮಂಡಳಿಯ ಹೆಂಗಸರೂ ಬಂದು ಮುಂದಿನ ಸಾಲಿನಲ್ಲೇ ಕುಳಿತರು. ಒಂದು ವೇಳೆ ಬೇಕಾದೀತೆಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನನಗೆ ಕೇಳದಿದ್ದರೂ ಕಾಣುತ್ತಿತ್ತು. ತೊಟ್ಟಿಲ ಪಕ್ಕ ಹಲಗೆ, ಹಲಗೆಯ ಮೇಲೆ ಸ್ಪೀಕರ್ ಪೆಟ್ಟಿಗೆ, ಅದಕ್ಕೆ ಬೆನ್ನು ತಾಗಿಸಿ ನಾನು. ನನ್ನ ಪಕ್ಕ ಗಿಟಾರು ಹಿಡಿದ ಗಂಡ. ನಾನು ಮಷಿನ್ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡೆ.

ಕೂಸನ್ನು ತೊಟ್ಟಿಲಿಗೆ ಹಾಕಿದರು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ನಾದಿನಿಯ ಗಂಡ ಕುಂಕುಮದ ಬಟ್ಟಲು ಹಿಡಿದು ಬಂದರು. ಖಂಡೇಪೂಜೆಗೆ ತಾವು ಥಳಥಳ ತೊಳೆದಿಟ್ಟ ವಾದ್ಯದ ಈಗಿನ ಅವತಾರ ನೋಡಿ ಅವರಿಗೆ ಸಂಕಟವಾಯಿತು. ಒದ್ದೆ ಬಟ್ಟೆ ತರಿಸಿದರು. ನನ್ನ ಗಂಡ ಬೇಡ ಬೇಡ ಎನ್ನುತ್ತ ತಂತಿಗೆ ಕೈ ಅಡ್ಡ ಹಿಡಿದರು. ನಾದಿನಿಯ ಗಂಡ ಬಿಡದೆ, ಇಲ್ಲಾದರೂ ಒರೆಸುತ್ತೇನೆ ಎಂದು ತಗಡಿನ ಮುಚ್ಚಳ ಎತ್ತಿದರು.

"ಯಪ್ಪಾ, ಚಪ್ಪಲಿ ಇಟ್ಟೀರೇನ್ರಿ ಇದರಾಗ?" ಎಂದರು. "ಕೂಸಿನ ಕಾರ್ಯದಾಗ?"

ಅವರದು ಎದೆಯ ದನಿ, ನನಗೂ ಕೇಳಿತು. ಶೆಡ್ಡಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಬೀಗಿತ್ತಿ ಮೂಗಿಗೆ ಸೆರಗು ಹಿಡಿದಳು. ನಾದಿನಿಯ ಗಂಡ ಆ ನೀಲಿ ತುಂಡನ್ನು ಎರಡು ಬೆರಳಿನಿಂದ ಹಿಡಿದು ಎಳೆಯತೊಡಗಿದ್ದರು. ನನ್ನ ಗಂಡ ನನ್ನ ಕಡೆ ನೋಡಿದರು, ಅಷ್ಟೇ. ನಾನು ಹೂಂ ಎಂದಿದ್ದರೆ ಅದನ್ನು ತೆಗೆದು ದೂರ ಎಸೆದು, ನಮ್ಮಿಂದ ತಪ್ಪಾಯಿತು ಎಂದು ಕೈ ಮುಗಿಯುತ್ತಿದ್ದರು.

"ಬಿಡ್ರಿ" ಎಂದೆ. "ಅದು ನನ್ನ ಕಿವಿ ಐತಿ."

ಅವರಿಗೆ ತಿಳಿಯಲಿಲ್ಲ, ಆದರೂ ಕೈ ತೆಗೆದರು. ಎಳೆದದ್ದಕ್ಕೆ ತುಂಡು ಓರೆಯಾಗಿತ್ತು. ನಾನು ಬಗ್ಗಿ ತಂತಿಗಳ ಕೆಳಗೆ ಬೆರಳು ತೂರಿಸಿ ಅದನ್ನು ಅದರ ಜಾಗಕ್ಕೆ ನೂಕಿದೆ. ಯಾರ್‍ಯಾರದೋ ಬೆವರು, ಎಣ್ಣೆ, ಗ್ರೀಸು ಬೆರಳಿಗೆ ಮೆತ್ತಿಕೊಂಡಿತು. ರಬ್ಬರು ಬೆಚ್ಚಗೆ ಅಂಟಂಟಾಗಿತ್ತು. ವಾದ್ಯ ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ನನಗೆ ಹಾಡು ಕಲಿತ ದಿನದಿಂದ ಬಂದ ರೂಢಿ. ಏನು ಮಾಡುತ್ತಿದ್ದೇನೆ ಎಂದು ತಿಳಿಯುವುದರೊಳಗೆ ಎರಡೂ ಕಣ್ಣಿಗೆ ಒತ್ತಿಕೊಂಡಾಗಿತ್ತು. ಎಲ್ಲರೂ ನೋಡಿದರು.

ನನ್ನ ಗಂಡ ಸಾ ಮೀಟಿದರು. ಹಲಗೆಯಿಂದ ಬೆನ್ನಿಗೆ ಬಂತು, ಆಮೇಲೆ ಪಾ ಬಂತು. ನಾನು ಜೋಗುಳ ಎತ್ತಿಕೊಂಡೆ, ದನಿ ಹೋಗಿ ಅದರ ಮೇಲೆ ಕುಳಿತುಕೊಂಡಿತು. ಹೇಸಿಗೆ ಹೋಗಿತ್ತು ಎಂದರೆ ಸುಳ್ಳಾದೀತು. ಕೂಸು ಕಣ್ಣು ಮುಚ್ಚುವ ತನಕ ಹಾಡಿದೆ, ಹಾಡಿದಷ್ಟು ಹೊತ್ತೂ ಆ ಕೈಯ ಬೆರಳುಗಳನ್ನು ಒಂದಕ್ಕೊಂದು ತಾಗದಂತೆ ಅಗಲಿಸಿ ಹಿಡಿದುಕೊಂಡೇ ಇದ್ದೆ.